ಬರೆದವನ ಅಳತೆ

ಮನೆಯಿಂದ,
ಫೆಬ್ರವರಿ ಹನ್ನೊಂದು

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಪುಸ್ತಕದ ಮೇಲೆ ಗೂನಾಗಿ ಕೂರಬೇಡ ಎಂದು ಎಷ್ಟು ಬಡಕೊಂಡರೂ ನೀನು ಕೇಳುವವನಲ್ಲ, ಆ ವಿಷಯದಲ್ಲಿ ಥೇಟ್ ನಿಮ್ಮಪ್ಪ. ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕಾಜಾ ಮಾಡುವುದು, ಗುಂಡಿ ಹಾಕುವುದು ಈಗಲೂ ನನ್ನ ಕೆಲಸವೇ.

ರಜೆಗೆ ಬಂದಾಗ ಊಟದ ಹೊತ್ತಿನಲ್ಲಿ ನೀನು ಆಡಿದ ಮಾತು ಈ ಮನೆಯಲ್ಲೇ ಉಳಿದುಬಿಟ್ಟಿದೆ. ಬೈಬಲಿನ ನಾಲ್ಕು ಸುವಾರ್ತೆಗಳಲ್ಲೂ ಬರೆದವರು ತಮ್ಮ ಹೆಸರು ಹೇಳಿಕೊಂಡಿಲ್ಲ, ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಹೆಸರುಗಳನ್ನು ಆಮೇಲಿನವರು ಸೇರಿಸಿರಬೇಕು ಎಂದೆಯಲ್ಲ. ದೇವಶಾಸ್ತ್ರ ಓದುವವನು, ಸುಳ್ಳು ಹೇಳಿರಲಾರೆ. ಆದರೆ ನಿಮ್ಮಪ್ಪ ನಮ್ಮ ಮದುವೆಗೂ ಮುಂಚಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ "ಮತ್ತಾಯನು ಬರೆದ ಸುವಾರ್ತೆ" ಎಂದು, ಹೀಗೆ ಆ ಹೆಸರು ಹೇಳಿಯೇ ಓದಲು ಶುರುಮಾಡಿದವರು. ದರ್ಜಿಯ ಬುದ್ಧಿ, ನಾಲ್ವರಿಗೂ ಮನಸ್ಸಿನಲ್ಲೇ ಅಳತೆ ತೆಗೆದಿಟ್ಟಿದ್ದರು. ಕೂತು ಕೂತು ಸುಂಕ ಎತ್ತಿದ ಮತ್ತಾಯನಿಗೆ ಸೊಂಟ ಅಗಲ, ವೈದ್ಯ ಲೂಕನಿಗೆ ಜೇಬು ಜಾಸ್ತಿ ಬೇಕು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನೆಂಟರಿಗಿಂತ ಆ ನಾಲ್ವರ ಸುದ್ದಿಯೇ ಹೆಚ್ಚು. ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ನೀನು ಹೋದ ಮೇಲಿನ ಭಾನುವಾರ ನಿಮ್ಮಪ್ಪ ಪೀಠದ ಮುಂದೆ ನಿಂತು "ಮತ್ತಾಯನು" ಎಂದವರು, "ಬರೆದ" ಎಂಬ ಮಾತು ಬಾರದೆ ಅಲ್ಲೇ ನಿಂತುಬಿಟ್ಟರು. ಎದ್ದು ನಿಂತಿದ್ದ ಜನ ಕಾದರು, ಮುಖ ಮುಖ ನೋಡಿಕೊಂಡರು, ಕೊನೆಗೆ ಒಬ್ಬೊಬ್ಬರಾಗಿ ಕುಳಿತರು. ಪಾದ್ರಿಗಳೇ ಬಂದು ಓದಿ ಮುಗಿಸಿದರು. ಅಂದಿನಿಂದ ಅಪ್ಪ ಓದಲು ಹೋಗಿಲ್ಲ. ಮೊನ್ನೆ ಮಧ್ಯಾಹ್ನ ಅಂಗಡಿಗೆ ಊಟ ಒಯ್ದರೆ, ಒಬ್ಬರೇ ಕನ್ನಡಿಯ ಮುಂದೆ ನಿಂತು, ಟೇಪನ್ನು ಎರಡು ಕೈಯಲ್ಲಿ ಹಿಡಿದು, ಇಲ್ಲದ ಭುಜಕ್ಕೆ ಇಟ್ಟು ನೋಡುತ್ತಿದ್ದರು. ಯಾರು ಬಂದಿದ್ದಾರೆ ಎಂದು ಕೇಳಿದೆ. "ಬರೆದವನು ಕಣೇ. ಬೆನ್ನು ಹಾಕಿ ನಿಂತಿದಾನೆ, ತಿರುಗೋದೇ ಇಲ್ಲ," ಅಂದರು. ಹುಚ್ಚೇನೂ ಹಿಡಿದಿಲ್ಲ ಮಗನೇ, ಕೋಟಿನ ತೋಳನ್ನು ಇವತ್ತಿಗೂ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸುತ್ತಾರೆ. ಆದರೂ ಆ ಕನ್ನಡಿಯ ಕಡೆ ನೋಡಲು ಈಗ ನನಗೂ ಭಯ. ಗುಂಡಿ ಹಾಕುವಾಗ ಬೆನ್ನ ಹಿಂದೆ ಯಾರೋ ತಮ್ಮ ಸರದಿಗೆ ಕಾಯುತ್ತಿದ್ದಾರೆ ಅನಿಸುತ್ತದೆ. ತಿರುಗಿದರೆ ಇಸ್ತ್ರಿ ಮೇಜು, ಅಷ್ಟೇ.

ನಿನ್ನ ಮೇಲೆ ಅವರಿಗೆ ಕೋಪವಿಲ್ಲ. ನನಗೆ ಸ್ವಲ್ಪ ಇದೆ, ಮುಖ ಕಂಡರೆ ಇಳಿದೀತು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಮ್ಮ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಪ್ಪನ ಗಂಟಲಲ್ಲಿ ಗಡ್ಡೆ ಇದೆ. ಈ ತಿಂಗಳ ಕೊನೆಗೆ ಆಪರೇಶನ್, ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಅದರ ಹಿಂದಿನ ಭಾನುವಾರ ಒಂದೇ ಒಂದು ಸಲ ಓದುತ್ತಾರಂತೆ. ಹೆಸರಿನ ಜಾಗದಲ್ಲಿ ಏನು ಹೇಳಲಿ ಎಂದು ನಿನ್ನನ್ನೇ ಕೇಳಲು ಹೇಳಿದ್ದಾರೆ. ಉತ್ತರ ಬರೆದು ಕಳಿಸಬೇಡ. ಬಂದು ಅವರ ಪಕ್ಕ ನಿಂತು ಹೇಳು.