ಡ್ಯಾರೆಲ್ ಫೋನಿನಲ್ಲಿ ಅಂದ ಮಾತು

೧೪-೩-೨೦೦೪, ಭಾನುವಾರ

ಡ್ಯಾರೆಲ್ ಇಂದು ಫೋನಿನಲ್ಲಿ "ಹೋಗ್ತೀನಿ ಅಮ್ಮ" ಅಂದ. ಅದೇ ಕೊರೆಯುತ್ತಿದೆ.

ತಿಪಟೂರಿನ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಲು ಅಮೆರಿಕದಿಂದ ಬಂದು ನಮ್ಮ ಮನೆಯಲ್ಲೇ ಒಂದು ವರ್ಷ ಇದ್ದವನು. "ಹೊರಡೋವಾಗ ಹೋಗ್ತೀನಿ ಅನ್ಬಾರ್ದು ಕಣಪ್ಪ, ಬತ್ತೀನಿ ಅನ್ಬೇಕು" ಎಂದು ಗದರಿಸಿ ಕಲಿಸಿದ್ದೆ. ಆಮೇಲೆ ಟರ್ಕಿ, ಪೋಲೆಂಡ್ ಎಂದು ಸಂಬಳಕ್ಕೆ ಆಡಿದ. ಎಲ್ಲಿಂದ ಫೋನ್ ಮಾಡಿದರೂ ಕೊನೆಗೆ "ಬತ್ತೀನಿ" ಅನ್ನುತ್ತಿದ್ದ.

ಈಗ ಮಂಡಿ ಕೆಟ್ಟು ಆಟ ಮುಗಿಯಿತಂತೆ. ತಂಡದವರು ಕೈಬಿಟ್ಟಿದ್ದಾರೆ. ನಾಳೆ ತನ್ನ ದೇಶಕ್ಕೆ ಹಿಂತಿರುಗುತ್ತಾನೆ.

"ಏನನ್ಬೇಕು ಅಂತ ಮರ್ತ್ಯೇನೋ?" ಎಂದೆ.

"ಮರ್ತಿಲ್ಲ ಅಮ್ಮ. ಸುಳ್ಳು ಹೇಳ್ಬಾರ್ದು ಅಂತಾನೂ ನೀವೇ ಕಲ್ಸಿದ್ದು."

ಹೋಗಿ ಬಾ ಅನ್ನಲಿಲ್ಲ. "ಸರಿ, ಮಂಡಿಗೆ ಕೊಬ್ಬರಿ ಎಣ್ಣೆ ತಿಕ್ಕುಸ್ಕೋ" ಎಂದು ಫೋನಿಟ್ಟೆ. ಅಲ್ಲಿ ಅವನಿಗೆ ತಿಕ್ಕುವವರು ಯಾರು?