ಹಿಟ್ಟಿನ ಗೆರೆ ಮತ್ತು ಸೈಕಲ್ ದೀಪ

ಪ್ರೀತಿಯ ಅತ್ತೆ,

ಒಂದೇ ಮನೆಯಲ್ಲಿದ್ದುಕೊಂಡು ಅತ್ತೆಗೆ ಕಾಗದ ಬರೆಯುವ ಸೊಸೆಯನ್ನು ನೀವು ಎಲ್ಲೂ ಕಂಡಿರಲಾರಿರಿ. ಏನು ಮಾಡಲಿ, ಎದುರಿಗೆ ಹೊಗಳಿದರೆ ನೀವು ನಿಲ್ಲುವವರಲ್ಲ. ಒಲೆಯ ಮೇಲೆ ಏನೋ ಇದೆ ಎನ್ನುತ್ತಾ ಒಳಗೆ ನಡೆದುಬಿಡುತ್ತೀರಿ. ಹೋಗಿ ನೋಡಿದರೆ ಒಲೆಯನ್ನೇ ಹಚ್ಚಿರುವುದಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಸೈಕಲ್ ದೀಪ ಚಾರ್ಜಿಗೆ ಹಾಕುವ ಜಾಗದಲ್ಲಿ ಇಡುತ್ತಿದ್ದೇನೆ. ಅದನ್ನು ತೆಗೆದುಕೊಳ್ಳದೆ ನೀವು ಬೇಕರಿಗೆ ಹೊರಡುವುದಿಲ್ಲವಲ್ಲ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನೀವು ಹೊರಡುವುದನ್ನು ನೋಡಿದವಳಲ್ಲ, ಅರೆನಿದ್ದೆಯಲ್ಲಿ ಕೇಳಿಸಿಕೊಂಡವಳು. ಮೊದಲು ಬಾಗಿಲ ಚಿಲಕ, ಆಮೇಲೆ ಸೈಕಲ್ಲಿನ ಸ್ಟ್ಯಾಂಡು, ಆಮೇಲೆ ಡೈನಮೋ ಗುಂಯ್‌ಗುಡುವುದು. ಎಲ್ಲರೂ ಏಳುವಷ್ಟರಲ್ಲಿ ನೀವು ಒಂದು ಬ್ಯಾಚಿನ ಹಿಟ್ಟು ನಾದಿ ಮುಗಿಸಿರುತ್ತಿದ್ದಿರಿ. ಆ ಡೈನಮೋ ದೀಪದ ಬುದ್ಧಿ ನಿಮಗೇ ಗೊತ್ತು. ಜೋರಾಗಿ ತುಳಿದರೆ ಉರಿಯುತ್ತದೆ, ಗುಂಡಿ ಇರಬಹುದೆಂದು ನಿಧಾನಿಸಿದರೆ ಮಂಕಾಗುತ್ತದೆ. ಊಟ ಮುಗಿಸಿ, ಪಾತ್ರೆ ತೊಳೆಯುವ ಹೊತ್ತಿಗೆ ಎದ್ದು ಹೋಗುವ ನೆಂಟನ ಹಾಗೆ ಅದು ಎಂದು ನೀವೇ ಬೈಯುತ್ತಿದ್ದಿರಿ. ಕೊನೆಗೆ ಒಂದು ದಿನ ಆ ನೆಂಟ ನಿಮ್ಮನ್ನು ಗುಂಡಿಗೆ ಕೆಡವಿಯೇ ಬಿಟ್ಟ.

ಮೊಣಕೈಗೆ ಪಟ್ಟಿ ಸುತ್ತಿಕೊಂಡು ಆ ದಿನದ ಕೆಲಸ ಮುಗಿಸಿಕೊಂಡೇ ಮನೆಗೆ ಬಂದಿರಿ. ನಿಮ್ಮ ಮಗ ಕೂಗಾಡಿದರು. ಇನ್ನು ಕತ್ತಲೆಯಲ್ಲಿ ಸೈಕಲ್ ಬೇಡ, ಕೆಲಸ ಬಿಟ್ಟುಬಿಡು ಎಂದರು. ಬ್ರೆಡ್ಡಿನ ತಳಕ್ಕೆ ಬೆರಳಿನಿಂದ ತಟ್ಟಿ, ಒಳಗೆ ಬೆಂದಿದೆಯೋ ಇಲ್ಲವೋ ಎಂದು ಕಿವಿಗೊಡುವಾಗ ನಿಮ್ಮ ಮುಖ ಹೇಗಿರುತ್ತದೆಂದು ನಾನು ಬೇಕರಿಯಲ್ಲಿ ಒಮ್ಮೆ ನೋಡಿದ್ದೆ. ಆ ಕೆಲಸ ಹೋದರೆ ನಿಮ್ಮಲ್ಲಿ ಅರ್ಧ ಹೋದಂತೆ ಎಂದು ನನಗೆ ಅನಿಸಿತು. ನೀವು ಮಾತ್ರ ವಾದ ಮಾಡಲಿಲ್ಲ. "ಗುಂಡಿ ತೋರಿಸೋ ದೀಪ ಒಂದು ಸಿಕ್ಕಿದ್ರೆ ಹೋಗ್ತೀನಿ. ಸಿಗದಿದ್ರೆ ನಾನೇ ಬಿಡ್ತೀನಿ" ಎಂದಿರಿ.

ನಿಮ್ಮ ಮಗ ಅಂಗಡಿಗೆ ಹೋಗಿ ಇದ್ದುದರಲ್ಲೇ ಅತಿ ಪ್ರಖರವಾದುದನ್ನು ತಂದರು. ಅದನ್ನು ಹಚ್ಚಿದರೆ ಗಲ್ಲಿಯ ಕೊನೆಯ ಮನೆಯ ಬೀಗವೂ ಕಾಣುತ್ತಿತ್ತು. ಸಮಸ್ಯೆ ಮುಗಿಯಿತು ಎಂದುಕೊಂಡೆವು. ಮರುದಿನ ನೀವು ಬಂದು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಿರಿ. ಎದುರಿಗೆ ಬರುತ್ತಿದ್ದ ಹಾಲಿನವನು ಕಣ್ಣು ಮುಚ್ಚಿಕೊಂಡು ಗೋಡೆಗೆ ಸೈಕಲ್ ಗುದ್ದಿದನಂತೆ. ಆಮೇಲೆ ಯಾರೇ ಎದುರು ಬಂದರೂ ನೀವು ದೀಪ ಆರಿಸಿಕೊಂಡೇ ಹೋದಿರಂತೆ. ನಿನ್ನ ಪ್ರಾಣಕ್ಕಿಂತ ಹಾಲಿನವನ ಕಣ್ಣು ಹೆಚ್ಚಾಯಿತೇ ಎಂದು ಮಗ ರೇಗಿದರೆ ನೀವು ಹೇಳಿದ್ದು ಒಂದೇ ಮಾತು: "ರಸ್ತೆ ಅವನದ್ದೂ ಹೌದಲ್ಲೋ."

ಆ ಸಂಜೆ ನೀವು ಮಾಡಿದ್ದನ್ನು ನಾನು ಯಾರ ಮನೆಯಲ್ಲೂ ನೋಡಿಲ್ಲ. ಅಂಗಡಿಯವನನ್ನು ಒಪ್ಪಿಸಿ ಬೇರೆ ಬೇರೆ ದೀಪಗಳನ್ನು ನೋಡಿ ವಾಪಸು ಕೊಡುತ್ತೇನೆಂದು ತಂದಿರಿ. ಕತ್ತಲಾಗುತ್ತಲೇ ಗಲ್ಲಿಯಲ್ಲಿ ಗುಂಡಿಯ ಬದಲಿಗೆ ಕಾಲೊರಸುವ ಕಪ್ಪು ಚಾಪೆ ಹಾಸಿದಿರಿ. ಎಂದಿನ ವೇಗದಲ್ಲಿ ಬಂದು ಬ್ರೇಕ್ ಹಿಡಿದರೆ ಸೈಕಲ್ ನಿಲ್ಲಲು ಎಷ್ಟು ದೂರ ಬೇಕು ಎಂದು ನೋಡಿಕೊಂಡು, ಗಾಬರಿಯಲ್ಲಿ ಕೈ ತಡವಾದರೆ ಎಂದು ಇನ್ನಷ್ಟು ಸೇರಿಸಿ, ಚಾಪೆಯಿಂದ ಅಷ್ಟು ಹಿಂದಕ್ಕೆ ಹಿಟ್ಟಿನಿಂದ ಒಂದು ಗೆರೆ ಎಳೆದಿರಿ. ಚಾಪೆ ಕಂಡ ತಕ್ಷಣ ಬೆಲ್ ಹೊಡೆಯಬೇಕು, ಗೆರೆ ದಾಟುವ ಮುಂಚೆ ಬೆಲ್ ಕೇಳಿಸಿದರೆ ಆ ದೀಪ ಪಾಸು. ಅಷ್ಟೇ ಅಲ್ಲ, ಚಾಪೆಯ ಆಚೆ ಎದುರಿಗೆ ನಿಂತವರು ಕಣ್ಣು ಕಿರಿದು ಮಾಡಬಾರದು. ಪಕ್ಕದ ಮನೆಯವರೆಲ್ಲ ಕಿಟಕಿಗೆ ಬಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಅಂದು ಇಬ್ಬರಿಗೂ ಒಂದೇ ಕಾಲ ಬಂದಿತ್ತು.

ಮಧ್ಯಮ ಬೆಳಕಿನ, ಚಾರ್ಜಿನ ಒಂದು ದೀಪ ಗೆದ್ದಿತು. ಅದರ ಬೆಳಕು ಮೇಲಕ್ಕೆ ಏಳದೆ ನೆಲದ ಮೇಲೆ ಹರಡುತ್ತಿತ್ತು. ನಾನು ತುಳಿದೆ, ಗೆರೆಗೆ ಮುಂಚೆಯೇ ಬೆಲ್ ಹೊಡೆದೆ. ನಿಮ್ಮ ಮಗ ತುಳಿದರು, ಅವರದ್ದೂ ಹಾಗೆಯೇ. ಕೊನೆಗೆ ನೀವು ಹತ್ತಿದಿರಿ. ಚಾಪೆ ಎಲ್ಲಿದೆಯೆಂದು ನಿಮಗೆ ಗೊತ್ತು, ಹಾಸಿದವರೇ ನೀವು. ಗೆರೆಗೆ ಮುಂಚೆ ಬೆಲ್ಲಿನ ಮೇಲೆ ಬೆರಳಾಡಿಸಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಾನಂತೂ ಮನಸ್ಸಿನಲ್ಲೇ ಹೊಡೆಯಿರಿ, ಹೊಡೆಯಿರಿ ಎನ್ನುತ್ತಿದ್ದೆ. ನಿಮ್ಮ ಚಕ್ರ ಹಿಟ್ಟಿನ ಗೆರೆ ದಾಟಿತು. ಬೆಲ್ ಆಮೇಲೆ ಕೇಳಿಸಿತು.

ಇಳಿದು ಬಂದು, "ನನ್ನ ಕಣ್ಣಿಗೆ ಕಾಣಲಿಲ್ಲ" ಎಂದಿರಿ. ಕೆಲಸ ಹೋಯಿತು ಎಂದುಕೊಂಡೆ. ನೀವು ಸ್ವಲ್ಪ ಹೊತ್ತು ಆ ಗೆರೆಯನ್ನೇ ನೋಡುತ್ತ ನಿಂತಿರಿ. ಆಮೇಲೆ ಮತ್ತೆ ಸೈಕಲ್ ಹತ್ತಿ, ಈ ಸಲ ನಿಧಾನವಾಗಿ ಬಂದು ಬ್ರೇಕ್ ಹಿಡಿದಿರಿ. ಸೈಕಲ್ ಬೇಗ ನಿಂತಿತು. ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ ಚಾಪೆಗೆ ಹತ್ತಿರವಾಗಿ ಹೊಸದನ್ನು ಎಳೆದಿರಿ. ಅದೇ ನಿಧಾನದಲ್ಲಿ ತುಳಿದಾಗ ಬೆಲ್ ಗೆರೆಗೆ ಎಷ್ಟೋ ಮುಂಚೆ ಕೇಳಿಸಿತು. "ಬೇಗ ಎದ್ದು ನಿಧಾನ ಹೋಗ್ತೀನಿ, ಆಯ್ತಾ?" ಎಂದು ಮಗನನ್ನು ಕೇಳಿದಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವವರನ್ನು ನೋಡಿದ್ದೆ, ಬೆಳಕು ಇದ್ದಷ್ಟೇ ಪೆಡಲ್ ತುಳಿಯುವವಳನ್ನು ಈಗ ನೋಡಿದೆ ಎಂದು ಅವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು, ನೀವು ನೋಡಲಿಲ್ಲ.

ಅತ್ತೆ, ಆ ಬೆಲ್ಲಿನ ಸದ್ದನ್ನು ನಾನು ಮರೆತಿಲ್ಲ. ತನಗೆ ಅತಿ ಬೇಕಾದುದು ಕೈತಪ್ಪುವ ಹೊತ್ತಿನಲ್ಲಿ ಕಾಣದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಎಂಥ ಎದೆ ಬೇಕು. ನೀವು ಹೆತ್ತ ಮಗಳಾಗಿದ್ದರೆ ನನಗೂ ಅದರಲ್ಲಿ ಸ್ವಲ್ಪ ಬರುತ್ತಿತ್ತೇನೋ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಔಷಧದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಸೋಮವಾರದಿಂದ ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಕತ್ತಲಾಗುತ್ತದೆ. ನಿಮ್ಮಂಥದ್ದೇ ದೀಪ ತಂದಿದ್ದೇನೆ. ಧೈರ್ಯ ಇನ್ನೂ ಅರ್ಧ ಮಾತ್ರ ಬಂದಿದೆ. ನಾಳೆ ಸಂಜೆ ಚಾಪೆ ಹಾಸಿ ಗೆರೆ ನಾನೇ ಎಳೆಯುತ್ತೇನೆ, ಎದುರಿಗೆ ನೀವು ನಿಲ್ಲಿ. ಕಾಣದಿದ್ದರೆ ಬೆಲ್ ಹೊಡೆಯುವುದಿಲ್ಲ.

ನಿಮ್ಮ ಕಣ್ಣು, ಕೈ, ಸೈಕಲ್ಲು ಮೂರೂ ಬಹುಕಾಲ ಗಟ್ಟಿಯಾಗಿರಲಿ. ನಿಧಾನ ಹೋಗಿ ಬನ್ನಿ.

ನಿಮ್ಮ ಹಿಂದಿನ ಚಕ್ರದ ಜಾಡಿನಲ್ಲೇ ಬರುತ್ತಿರುವ,
ನಿಮ್ಮ ಸೊಸೆ