ಬೆಂಕಿ ಇಳಿಸುವ ಮಾತು

ಲಾ ಫೋಜೆರ್
ಮಂಗಳವಾರ, 14 ನವೆಂಬರ್ 1978

ನನ್ನ ಒದೀಲ್‌ಗೆ ದೊಡ್ಡಮ್ಮನ ಮುತ್ತುಗಳು.

ನಿನ್ನ ಪುಸ್ತಕದ ಹಸ್ತಪ್ರತಿ ಬಂದು ಹತ್ತು ದಿನವಾಯಿತು. ಈಗ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹಂದಿ ಕೊಯ್ದ ವಾರ, ಮನೆತುಂಬ ಕೆಲಸ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ.

ಎಲ್ಲ ಓದಿದೆ. ಊರವರ ಮದುವೆ, ಸಾವು, ಮದ್ದುಗಳ ನಡುವೆ ನಿನ್ನಮ್ಮ ಹೋದ ದಿನವನ್ನೂ ಬರೆದಿದ್ದೀಯ. ಅವಳ ಮರದ ಮೆಟ್ಟು ಇನ್ನೂ ಬಾಗಿಲ ಬಳಿಯೇ ಇತ್ತು ಎಂದ ಕಡೆ ಅತ್ತುಬಿಟ್ಟೆ ಕಣೇ. ನನ್ನ ತಂಗಿಯನ್ನು ಅಷ್ಟು ಚೆನ್ನಾಗಿ ನೋಡಿದವರು ಬೇರೆ ಯಾರೂ ಇಲ್ಲ.

ಆದರೆ ಆ ನೂರ ಹನ್ನೆರಡನೇ ಪುಟ! ಸುಟ್ಟ ಗಾಯದ ಮೇಲೆ ಊದಿ ಬೆಂಕಿ ಇಳಿಸುವ ಮಾತನ್ನು ಒಂದಕ್ಷರ ಬಿಡದೆ ಬರೆದಿಟ್ಟಿದ್ದೀಯಲ್ಲೇ! ನಮ್ಮಜ್ಜಿ ನನಗೆ ಕೊಟ್ಟಳು, ನಾನು ಈಸ್ಟರಿನಲ್ಲಿ ನಿನ್ನ ಕಿವಿಯಲ್ಲಿ ಹೇಳಿದೆ. ಹೇಳಿದವಳಿಂದ ಅದರ ಶಕ್ತಿ ಹೋಗುತ್ತದೆ, ಕೇಳಿದವಳದ್ದಾಗುತ್ತದೆ. ಬಯಲಾದರೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ನಿನಗೆ ಗೊತ್ತಿರಲಿಲ್ಲವೇ? ನಾನು ಕೊಟ್ಟದ್ದು ತಂಗಿಯ ಮಗಳಿಗೆ, ಪ್ಯಾರಿಸ್ಸಿನ ಪುಸ್ತಕದ ಮೇಡಮ್ಮಿಗಲ್ಲ.

ಅದು ಪುಸ್ತಕದಲ್ಲಿ ಬರುತ್ತದೆ ಎಂದು ಬ್ರೆಡ್ ಅಂಗಡಿಯ ಆನ್ಸೆಲ್ಮ್‌ಗೆ ನೀನೇ ಹೇಳಿದ್ದೆಯಂತೆ. ಹೋದ ಗುರುವಾರ ಎಲ್ಲರೆದುರು ಶುರುಮಾಡಿದ: "ಏನ್ ಲಿಯೊಂತೀನಕ್ಕ, ಇನ್ಮೇಲೆ ಸುಟ್ಕೊಂಡ್ರೆ ನಿಮ್ಮನೆಗ್ ಬರೋದೇ ಬೇಡ್ವಂತೆ, ಪುಸ್ತಕದಂಗಡಿಗೆ ಹೋದ್ರೆ ಸಾಕಂತೆ?"

"ನಿನ್ನ ನಾಲಿಗೆ ಸುಡುತ್ತಲ್ಲ, ಆವತ್ತು ಹೋಗಯ್ಯ" ಅಂದೆ. ಎಲ್ಲರೂ ನಕ್ಕರು. ನಾನು ಬ್ರೆಡ್ಡನ್ನು ಅಲ್ಲೇ ಮರೆತು ಮನೆಗೆ ಬಂದೆ.

ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದಿದ್ದೀಯ. ಆ ಪುಟ ತೆಗೆದುಬಿಡು. ನನ್ನ ಸಿಟ್ಟು, ನನ್ನ ಮೀಸೆ, ಬೇಕಾದರೆ ನನ್ನ ಗಂಡ ಓಡಿಹೋದದ್ದನ್ನೂ ಹೆಸರು ಹಾಕಿಯೇ ಬರೆ. ಅದೊಂದು ಬೇಡ.

ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ದೊಡ್ಡಮ್ಮ,
ಲಿಯೊಂತೀನ್

ಮತ್ತೊಂದು: ಇದು ಎಡಗೈ ಬರಹ. ಶನಿವಾರ ಹಂದಿಕೊಬ್ಬು ಕರಗಿಸುವಾಗ ಕಡಾಯಿ ಮಗುಚಿತು, ಬಲಗೈ ಮೊಣಕೈವರೆಗೆ ಬೆಂದಿದೆ. ಡಾಕ್ಟರು ಪಟ್ಟಿ ಕಟ್ಟಿದ್ದಾರೆ, ಉರಿ ಇಳಿದಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಹೇಳಿ ನಾನೇ ಊದಿಕೊಂಡೆ, ಎಂಟು ಸಲ. ಏನೂ ಆಗಲಿಲ್ಲ. ಅದು ನನ್ನಲ್ಲಿ ಇಲ್ಲವೇ ಇಲ್ಲ, ಒದೀಲ್, ನಿನ್ನಲ್ಲೇ ಇದೆ. ಶುಕ್ರವಾರದೊಳಗೆ ಬಂದು ಒಂದು ಸಲ ಊದು. ನೋಟ್‌ಬುಕ್ ತರಬೇಡ.